ರಾಘಣ್ಣನ ಪರದೆ ಇಲ್ಲದ ಕಂಪ್ಯೂಟರು

ರಾಘಣ್ಣನಿಗೆ ಹೆದರಿಕೆ ಬಲಗಿವಿಯಿಂದ ಬರುತ್ತಿತ್ತು. ಎಡಗಿವಿ ಪ್ರಯಾಣಿಕರದು, ಬಲಗಿವಿ ಯಂತ್ರದ್ದು, ಇದು ಅವನ ಕಸುಬಿನ ಏರ್ಪಾಟು. ಸಂಜೆಯಾಯಿತೆಂದರೆ ತಲೆಗೆ ಹೆಡ್‌ಫೋನ್ ಏರಿಸಿ ಮೇಜಿನ ಮುಂದೆ ಕೂತುಬಿಡುವನು. ಎಡಗಡೆಯಿಂದ ಯಾರೋ "ವಿಜಯಪುರಕ್ಕ ಎರಡು ಸೀಟ್ ಅದಾವೇನ್ರಿ, ಕೆಳಗಿನ್ವು?" ಎಂದು ಕೇಳುವರು. ಬಲಗಡೆ ಕಂಪ್ಯೂಟರಿನ ದನಿ, ಅವನ ಬೆರಳು ಕೀಲಿ ಒತ್ತಿದ ಹಾಗೆಲ್ಲ, ಯಾವ ಸೀಟು ಖಾಲಿ, ಯಾವುದು ಹೋಗಿದೆ ಎಂದು ಒಂದೇ ಉಸಿರಿನಲ್ಲಿ ಓದಿ ಹೇಳುವುದು. ಕಣ್ಣಿಲ್ಲದ ರಾಘಣ್ಣ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು, ಕಣ್ಣಿದ್ದವರಿಗಿಂತ ಬೇಗ ಅಲ್ಲದಿದ್ದರೂ ಅವರಷ್ಟೇ ಬೇಗ, ಟಿಕೀಟು ಮಾಡಿಕೊಡುತ್ತಿದ್ದ. ಆ ಬಲಗಿವಿಯ ದನಿ ಒಂದು ಶಬ್ದದ ನಡುವೆ ಪಕ್ಕನೆ ಕಡಿದುಹೋದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು.

ಕಂಪ್ಯೂಟರು ನಿಂತುಹೋದರೆ ಕಣ್ಣಿದ್ದವರು ಅದಕ್ಕೊಂದು ಬೈಗುಳ ಹಾಕಿ ಚಹಾ ಕುಡಿಯಲು ಎದ್ದುಹೋಗುತ್ತಾರೆ. ಪರದೆ ನೀಲಿಯಾಯಿತು, ಏನೋ ಇಂಗ್ಲಿಷಿನಲ್ಲಿ ಬಂತು ಎಂದಾದರೂ ಅವರಿಗೆ ತಿಳಿಯುತ್ತದೆ. ರಾಘಣ್ಣನಿಗೆ ಫೋನೂ ಅದೇ ಯಂತ್ರದಿಂದ, ಓದುವ ದನಿಯೂ ಅದೇ ಯಂತ್ರದಿಂದ. ಅದು ಸತ್ತರೆ ಎರಡೂ ಕಿವಿ ಒಮ್ಮೆಲೇ ಸಾಯುತ್ತಿದ್ದವು. ಬಾವಿಯಲ್ಲಿ ಇಳಿದವನ ಹಗ್ಗ ಮೇಲಿನಿಂದ ಕಳಚಿ ಬಿದ್ದ ಹಾಗೆ. ಪರದೆಯ ಮಾತಂತೂ ಬೇಡವೇ ಬೇಡ, ಏಕೆಂದರೆ ಆ ಕಂಪ್ಯೂಟರಿಗೆ ಪರದೆಯೇ ಇರಲಿಲ್ಲ. ಕುರುಡನಿಗೆ ಕನ್ನಡಿ ಯಾಕೆ ಎಂದು ರಾಘಣ್ಣನೇ ನಗುತ್ತಾ ಬೇಡವೆಂದಿದ್ದ.

ಈ ರಾಘಣ್ಣ ಹುಟ್ಟುಗುರುಡನಲ್ಲ. ತಂದೆ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮಗನಿಗೆ ಅಂಗಡಿಯ ಮೆತ್ತೆಯ ಮೇಲೆ ಕೂಡುವ ತಾಳ್ಮೆ ಇರಲಿಲ್ಲ. ಸ್ವಾರಗೇಟಿನ ಹತ್ತಿರ ಶಿವಪ್ಪನವರ ಖಾಸಗಿ ಬಸ್ಸುಗಳ ಕೌಂಟರಿಗೆ ಸೇರಿಕೊಂಡ. ಇಂಡಿ, ಸಿಂದಗಿ, ವಿಜಯಪುರ ಎಂದು ಅವನು ಕೂಗಿದರೆ ರಸ್ತೆಯ ಆಚೆ ಬದಿಯಲ್ಲಿ ನಿಂತವರೂ ಗಂಟು ಎತ್ತಿಕೊಂಡು ಓಡಿಬರುತ್ತಿದ್ದರು. ಮದುವೆಯಾಯಿತು, ಕೋಥರೂಡದಲ್ಲಿ ಮನೆಯಾಯಿತು. ಆಮೇಲೆ ಕಣ್ಣು, ಸಾಲ ಕೊಟ್ಟವರು ವಸೂಲಿಗೆ ಬಂದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ಎತ್ತಿಕೊಂಡು ಹೋಯಿತು. ಡಾಕ್ಟರುಗಳು ನರದ ತೊಂದರೆ ಎಂದರು, ಔಷಧವಿಲ್ಲ ಎಂದರು, ಕೈ ಚೆಲ್ಲಿದರು.

ಅಲ್ಲಿಂದ ಮುಂದಿನ ಕಾಲವನ್ನು ರಾಘಣ್ಣ ಗ್ಯಾಲರಿಯಲ್ಲಿ, ಅಂದರೆ ಮನೆಯ ಬಾಲ್ಕನಿಯಲ್ಲಿ, ಹಾಕಿದ್ದ ಒಂದು ಕುರ್ಚಿಯ ಮೇಲೆ ಕಳೆದ. ಮನೆಯವರು ಕೆಟ್ಟವರಲ್ಲ. ಹೆಂಡತಿ ಸ್ನೇಹಲ್ ಔಷಧದಂಗಡಿಯಲ್ಲಿ ಕೆಲಸ ಹಿಡಿದು ಸಂಸಾರ ತೂಗಿಸಿದಳು, ತಾಯಿ ಗೌರಾಬಾಯಿ ಅಡಿಗೆಮನೆ ವಹಿಸಿಕೊಂಡಳು. ಆದರೆ ಬಂದುಹೋಗುವವರು ಅವನ ತಲೆಯ ಮೇಲಿನಿಂದ ಮಾತಾಡುತ್ತಿದ್ದರು. "ಊಟ ಮಾಡ್ಯಾನೇನು?", "ಇವತ್ತ ಹೆಂಗಿದಾನ?" ಎಂದು ಅವನ ಎದುರಿಗೇ ಅವನನ್ನು ಬಿಟ್ಟು ಬೇರೆಯವರನ್ನು ಕೇಳುತ್ತಿದ್ದರು. ಒಂದು ದಿನ ತಾನು ಸತ್ತಿದ್ದು ತನಗೊಬ್ಬನಿಗೇ ತಿಳಿಸಿಲ್ಲವೇನೋ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಮರುದಿನವೇ ಹಠ ಹಿಡಿದು, ಅಂಧರಿಗೆ ಕಂಪ್ಯೂಟರ್ ಕಲಿಸುವಲ್ಲಿಗೆ ಹೋಗತೊಡಗಿದ. ಕಲಿತ ಮೇಲೆ ಶಿವಪ್ಪನವರಿಗೆ ಫೋನು ಮಾಡಿದ. ಶಿವಪ್ಪನವರು ಹಳೆಯ ಋಣ ಮರೆಯುವವರಲ್ಲ, ಸಂಜೆಯ ಬುಕಿಂಗ್ ಫೋನುಗಳನ್ನು ಅವನ ಮನೆಗೆ ತಿರುಗಿಸಿದರು.

ಕಂಪ್ಯೂಟರನ್ನು ಅವನು ಸಿದ್ಧವಾದದ್ದು ಕೊಳ್ಳಲಿಲ್ಲ. ಒಂದೊಂದು ಭಾಗವೂ ತನ್ನ ಕೈಗೆ ಪರಿಚಯವಾಗಬೇಕು ಎಂಬುದು ಅವನ ಆಸೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮಿಥುನ, ಮಾಲೂರು ಕಡೆಯ ಹುಡುಗ, ಐಟಿ ಕಂಪನಿಯಲ್ಲಿ ಎಂಜಿನಿಯರ್, ಬಿಡಿಭಾಗಗಳನ್ನು ತಂದುಕೊಟ್ಟ. ಊಟದ ಮೇಜಿನ ಮೇಲೆ ಇಬ್ಬರೂ ಕೂತು ಜೋಡಿಸಿದರು. ಮಿಥುನ ಹೆಸರು ಹೇಳುವನು, ರಾಘಣ್ಣ ಬೆರಳಿನಿಂದ ತಡವಿ ಕೂರಿಸುವನು. ರ್ಯಾಮ್ ಪಟ್ಟಿ ಟಕ್ ಎಂದು ಕೂತಾಗ ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮೇಜು ಸಣ್ಣದಾದ್ದರಿಂದ ಕಂಪ್ಯೂಟರಿನ ಪೆಟ್ಟಿಗೆಯನ್ನು ಪಕ್ಕದಲ್ಲೊಂದು ಸ್ಟೂಲಿನ ಮೇಲೆ, ಬಾಗಿಲ ಕಡೆಗೆ ಇಟ್ಟರು.

ಅದು ಚೆನ್ನಾಗಿಯೇ ನಡೆಯುತ್ತಿತ್ತು. ಮಳೆಗಾಲದ ಒಂದು ಸಂಜೆ ಮೊದಲ ಸಲ ನಿಂತಿತು. ಸೋಲಾಪುರಕ್ಕೆ ಹೊರಟ ಹೆಂಗಸೊಬ್ಬಳಿಗೆ ಸೀಟು ಹೇಳಿ, ಹೆಸರು ಬರೆದುಕೊಳ್ಳುವಷ್ಟರಲ್ಲಿ ಬಲಗಿವಿಯ ದನಿ ಅರ್ಧಕ್ಕೇ ತುಂಡಾಯಿತು. ಎಡಗಿವಿಯ ಹೆಂಗಸೂ ಇಲ್ಲ. ರಾಘಣ್ಣ "ಹಲೋ, ಹಲೋ" ಎಂದು ಗಾಳಿಗೆ ಕೂಗಿದ. ಯಂತ್ರ ಮತ್ತೆ ಎದ್ದು ಮಾತಾಡುವ ಹೊತ್ತಿಗೆ ಆ ಸೀಟನ್ನು ಕೌಂಟರಿನವರು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಒಂದೇ ಸೀಟಿಗೆ ಇಬ್ಬರು ಬಸ್ಸು ಹತ್ತಿದರು.

ಶಿವಪ್ಪನವರ ಫೋನು ಬಂತು. "ರಾಘಣ್ಣಾ, ಇಲ್ಲಿ ಜುಟ್ಟು ಜುಟ್ಟು ಹಿಡದು ಹೊಡದಾಡಾಕ ಹತ್ಯಾರ್ರಿ. ಆಕಿ ಭಾಳ ಅಳಾಕ ಹತ್ಯಾಳ. ಏನಾತ್ರಿ ನಿಮ್ಮ ಡಬ್ಬಿಗೆ?"

"ಗೊತ್ತಾಗವಲ್ದ್ರಿ. ಒಮ್ಮೆಲೇ ಬಂದ್ ಬಿತ್ತು" ಎಂದ ರಾಘಣ್ಣ.

ಮಿಥುನ ಬಂದು ಪೆಟ್ಟಿಗೆ ಬಿಚ್ಚಿ ನೋಡಿದ. "ರ್ಯಾಮ್ ಸ್ವಲ್ಪ ಲೂಸ್ ಆಗಿತ್ತು ರಾಘಣ್ಣ, ಅಷ್ಟೇ. ಸರಿಯಾಗಿ ಕೂರಿಸಿದೀನಿ. ಟೆನ್ಷನ್ ಮಾಡ್ಕೋಬೇಡಿ" ಎಂದು ಹೇಳಿ ಹೋದ. ಟೆನ್ಷನ್ ಎಂಬುದು ಬೇಡವೆಂದರೆ ಬಿಡುವ ಜಾತಿಯದೇ? ಅಂದು ಊಟಕ್ಕೆ ಕೂತಾಗ ರಾಘಣ್ಣನ ಬಾಯಿಂದ ಎಲ್ಲ ಹೊರಗೆ ಬಿತ್ತು.

"ಸ್ನೇಹಲ್, ಅದರೊಳಗ ಕರೆಂಟ್ ಹರೀತಿರ್ತದ. ನಾಳೆ ಒಳಗ ಬೆಂಕಿ ಹತ್ತಿದ್ರೂ ನನಗ ಕಾಣಂಗಿಲ್ಲ. ಬಾಜೂಕ ಕೂತು ಸುಟ್ಟು ಹೋಗ್ತೀನಿ."

"ಬಿಡ್ರಿ, ಏನೇನರ ಮಾತಾಡಬ್ಯಾಡ್ರಿ" ಎಂದಳು ಸ್ನೇಹಲ್. "ಅಷ್ಟು ಅಂಜಿಕಿ ಇದ್ರ ಕೆಲಸಾನ ಬಿಟ್ಟುಬಿಡ್ರಿ. ನಾ ಗಳಸ್ತೀನಲ್ಲ."

"ಬಿಟ್ಟು? ಮತ್ತ ಆ ಗ್ಯಾಲರ್ಯಾಗ ಹೋಗಿ ಕುಂಡ್ರಲೇನು? ಅದರಕಿಂತ ಸುಟ್ಟು ಹೋಗೋದ ಛಲೋ."

ಮಾತು ಅಲ್ಲಿಗೆ ಮುಗಿಯಿತು. ಬಡಿಸುತ್ತಿದ್ದ ಗೌರಾಬಾಯಿ ಎಲ್ಲರ ತಾಟಿಗೂ ಇನ್ನೊಂದಿಷ್ಟು ಅನ್ನ ಹಾಕಿದಳು.

ಕೆಲವು ದಿನ ನೆಮ್ಮದಿಯಾಗಿ ಹೋದವು. ಆಮೇಲೆ ಒಂದು ಸಂಜೆ ಮತ್ತೆ ಅದೇ ಆಯಿತು. ಮಾತಿನ ಮಧ್ಯೆ ದನಿ ಹೋಯಿತು, ಒಂದು ಸಣ್ಣ ಬೀಪ್ ಕೇಳಿಸಿತು, ಯಂತ್ರ ತನ್ನಷ್ಟಕ್ಕೆ ತಾನೇ ಮೊದಲಿನಿಂದ ಶುರುವಾಯಿತು. ಎರಡು ದಿನ ಬಿಟ್ಟು ಮತ್ತೊಮ್ಮೆ. ಮುಂದಿನ ವಾರ ಇನ್ನೊಮ್ಮೆ. ಹಗಲೆಲ್ಲ ಹಾಡು ಹಾಕಿ ಕೂತರೂ ತೆಪ್ಪಗಿರುವ ಯಂತ್ರ, ಸಂಜೆ ಫೋನುಗಳು ಮುತ್ತಿಕೊಳ್ಳುವ ಹೊತ್ತಿಗೇ ಕೈ ಕೊಡುವುದು. ಹೆದರುವವನ ಮೇಲೆ ಕಪ್ಪೆ ಎಸೆದರು ಎನ್ನುತ್ತಾರಲ್ಲ, ಹಾಗೆ ಯಾರೋ ಸಮಯ ನೋಡಿ ಎಸೆಯುತ್ತಿದ್ದಾರೆ ಎನಿಸತೊಡಗಿತು.

ರಾಘಣ್ಣ ಸುಮ್ಮನೆ ಕೂಡುವ ಆಸಾಮಿಯಲ್ಲ. ಪೆಟ್ಟಿಗೆಯ ಒಂದು ಬದಿ ಬಿಚ್ಚಿ, ಪ್ರತಿ ತಂತಿಯನ್ನೂ ಬುಡದಿಂದ ತುದಿಯವರೆಗೆ ತಡವಿದ. ರ್ಯಾಮ್ ಪಟ್ಟಿಗಳನ್ನು ತೆಗೆದು, ಒರೆಸಿ, ಜಾಗ ಬದಲಿಸಿ ಕೂರಿಸಿದ. ಎಸ್‌ಎಂಪಿಎಸ್ ಎಂಬ ಕರೆಂಟು ಹಂಚುವ ಡಬ್ಬಿಯ ಹತ್ತಿರ ಮೂಗು ಒಯ್ದು ಸುಟ್ಟ ವಾಸನೆ ಇದೆಯೇ ಎಂದು ನಾಯಿಯ ಹಾಗೆ ಮೂಸಿದ. ಫ್ಯಾನುಗಳ ಎದುರು ಅಂಗೈ ಹಿಡಿದು ಗಾಳಿ ಎಣಿಸಿದ. ಎಲ್ಲವೂ ನೆಟ್ಟಗೇ ಇತ್ತು. ನೆಟ್ಟಗಿರುವುದೇ ಅವನಿಗೆ ಹೆಚ್ಚು ಭಯ ತಂದಿತು. ಕೆಟ್ಟದ್ದು ಸಿಕ್ಕರೆ ತೆಗೆದು ಬಿಸಾಡಬಹುದು, ಸಿಗದಿದ್ದರೆ ಏನು ಬಿಸಾಡುವುದು?

ಆಮೇಲೆ ಅವನ ಅಂಜಿಕೆ ಮನೆಯ ಮೇಲೆ ಹರಿಯಿತು. ಕಂಪ್ಯೂಟರು ನಡೆಯುತ್ತಿರುವಾಗ ಮಿಕ್ಸರ್ ಹಚ್ಚಕೂಡದು, ಇಸ್ತ್ರಿ ಹಚ್ಚಕೂಡದು, ಗೀಝರಂತೂ ಸರ್ವಥಾ ಕೂಡದು ಎಂದು ಕಟ್ಟಳೆ ಮಾಡಿದ. ಗೌರಾಬಾಯಿ ಮಿಕ್ಸರ್ ಮುಚ್ಚಿಟ್ಟು ಚಟ್ನಿಯನ್ನು ಕಲ್ಲಿನಲ್ಲಿ ಅರೆದಳು. ಸ್ನೇಹಲ್ ಇಸ್ತ್ರಿ ಇಲ್ಲದ ಕುಪ್ಪಸ ಹಾಕಿಕೊಂಡು ಅಂಗಡಿಗೆ ಹೋದಳು. ಕೊನೆಗೆ, ಇಂಥವುಗಳನ್ನು ನಂಬದ ರಾಘಣ್ಣನೇ ನಾಚಿಕೊಳ್ಳುತ್ತಾ, "ಅವ್ವಾ, ಅದಕ್ಕೊಂದು ದೃಷ್ಟಿ ತಗದ್ರ ಹೆಂಗ?" ಎಂದ. ಗೌರಾಬಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮೂರು ಮಂದಿಯೂ ಕೆಮ್ಮಿದರು. ಕೆಮ್ಮು ಬಂತೆಂದರೆ ದೃಷ್ಟಿ ಇರಲಿಲ್ಲವೆಂದೇ ಅರ್ಥ, ಆ ದಾರಿಯೂ ಮುಚ್ಚಿತು.

ಮಿಥುನ ತನ್ನ ಟಿವಿಯನ್ನೇ ಹೊತ್ತು ತಂದು ಕಂಪ್ಯೂಟರಿಗೆ ಜೋಡಿಸಿ, ಒಳಗಿನ ದಾಖಲೆಗಳನ್ನು ತೆರೆದು ನೋಡಿದ. "ಅನ್‌ಎಕ್ಸ್‌ಪೆಕ್ಟೆಡ್ ಆಗಿ ರೀಸ್ಟಾರ್ಟ್ ಆಯ್ತು ಅಂತಷ್ಟೇ ಹೇಳ್ತಿದೆ. ಯಾಕೆ ಅಂತ ಇಲ್ಲ" ಎಂದ. "ಒಂದ್ ಕೆಲ್ಸ ಮಾಡೋಣ. ಇದನ್ನ ಶನಿವಾರ, ಭಾನುವಾರ ನಮ್ಮನೆಗೆ ತಗೊಂಡ್ ಹೋಗಿ ಫುಲ್ ಲೋಡ್ ಹಾಕಿ ಓಡಿಸ್ತೀನಿ. ಪ್ರಾಬ್ಲಮ್ ಇದ್ರೆ ಅಲ್ಲಿ ಬರ್ಲೇಬೇಕು."

ಆ ಎರಡು ದಿನ ರಾಘಣ್ಣ ಶಿವಪ್ಪನವರಿಗೆ ಜ್ವರವೆಂದು ಸುಳ್ಳು ಹೇಳಿದ. ಖಾಲಿ ಸ್ಟೂಲನ್ನು ಮುಟ್ಟಿ ಮುಟ್ಟಿ ನೋಡಿದ. ಮೇಲಿನಿಂದ ಮಿಥುನನ ಹೆಜ್ಜೆ ಕೇಳಿದಾಗೆಲ್ಲ, ಈಗ ನಿಂತಿರಬೇಕು, ಕಾರಣ ಸಿಕ್ಕಿರಬೇಕು ಎಂದು ಕಿವಿ ನಿಗುರಿಸಿದ. ಒಮ್ಮೆಯಾದರೂ ನಿಲ್ಲಲಿ ದೇವರೇ ಎಂದು ಬೇಡಿಕೊಂಡ. ತನ್ನ ಕಂಪ್ಯೂಟರು ಕೆಡಲಿ ಎಂದು ಹರಕೆ ಹೊತ್ತವನು ಕೋಥರೂಡದಲ್ಲಿ ಅವನೊಬ್ಬನೇ ಇದ್ದಿರಬೇಕು.

ಅದು ನಿಲ್ಲಲಿಲ್ಲ. "ರಾಕ್ ಸಾಲಿಡ್ ಆಗಿ ಓಡ್ತು ರಾಘಣ್ಣ, ಒಂದ್ಸಲನೂ ಹೋಗ್ಲಿಲ್ಲ" ಎಂದು ಮಿಥುನ ಪೆಟ್ಟಿಗೆಯನ್ನು ತಂದು ಮರಳಿ ಸ್ಟೂಲಿನ ಮೇಲಿಟ್ಟ. ಇಲೆಕ್ಟ್ರಿಶಿಯನ್ನನ್ನು ಕರೆಸಿ ಮನೆಯ ಅರ್ಥಿಂಗ್ ನೋಡಿಸಿದ್ದೂ ಆಯಿತು, ಅಲ್ಲೂ ದೋಷವಿಲ್ಲ. ಮರುದಿನ ಸಂಜೆ ರಾಘಣ್ಣ ಕೂತ, ಮೂರು ಟಿಕೀಟು ಮಾಡಿದ. ನಾಲ್ಕನೆಯದಕ್ಕೆ ದನಿ ಕಡಿಯಿತು.

ವಿಷಯ ಕೇಳಿ ಕೆಳಗೆ ಬಂದ ಮಿಥುನ ಪೆಟ್ಟಿಗೆಯನ್ನು ಇನ್ನೊಮ್ಮೆ ಬಿಚ್ಚಿ ನೋಡಿ ಮುಚ್ಚಿದ. ಆಮೇಲೆ, ಮಗುವಿಗೆ ಕೇಳುವಷ್ಟು ಮೆತ್ತಗೆ ಕೇಳಿದ: "ರಾಘಣ್ಣ, ಬೇಜಾರ್ ಮಾಡ್ಕೋಬೇಡಿ. ಗೊತ್ತಿಲ್ದೇ ನೀವೇ ಏನಾದ್ರೂ ಕೀ ಒತ್ತಿಬಿಡ್ತೀರಾ?"

ರಾಘಣ್ಣ ಇಲ್ಲವೆಂದ. ಆದರೆ ಆ ಪ್ರಶ್ನೆ ಒಳಗಿಳಿದು ಅಲ್ಲೇ ಕೂತುಬಿಟ್ಟಿತು. ಯಂತ್ರ ಸರಿ, ಕರೆಂಟು ಸರಿ. ಮೇಲಿನ ಮನೆಯಲ್ಲಿ ಇಲ್ಲದೆ ಕೆಳಗಿನ ಮನೆಯಲ್ಲಿ ಇರುವುದು ಒಂದೇ, ಅದು ತಾನು. ಕಣ್ಣು ಹೋಯಿತು. ಈಗ ಬೆರಳುಗಳೂ ತನ್ನ ಮಾತು ಕೇಳದೆ ಏನೇನೋ ಒತ್ತುತ್ತಿವೆಯೇ? ಅಥವಾ ಬುದ್ಧಿಯೇ ನಡುವೆ ನಡುವೆ ಎಲ್ಲೋ ಹೋಗಿ ಬರುತ್ತಿದೆಯೇ? ಬಸ್ಸಿನ ಊರುಗಳ ಹೆಸರುಗಳನ್ನು ಸಾಲಾಗಿ ಹೇಳಿಕೊಂಡು ನೋಡಿದ. ಎಲ್ಲ ನೆನಪಿತ್ತು. ಆದರೂ ನಂಬಿಕೆ ಬರಲಿಲ್ಲ. ಕತ್ತಲೆಗೆ ಅವನು ಹೆದರಿದವನಲ್ಲ, ಅದು ಅವನಿಗೆ ರೂಢಿ. ತನ್ನ ಕೈಗೇ ತಾನು ಹೆದರುವುದು ಮಾತ್ರ ಹೊಸದು.

ಗಣಪತಿ ಹಬ್ಬ ಹತ್ತಿರ ಬಂತು. ಶಿವಪ್ಪನವರು ಫೋನು ಮಾಡಿದರು. ಬೈಯಲಿಲ್ಲ, ಅದೇ ರಾಘಣ್ಣನನ್ನು ಹೆದರಿಸಿತು.

"ರಾಘಣ್ಣಾ, ನಿಮಗ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ರಿ. ಆದ್ರ ಹಬ್ಬದ ಗರ್ದಿ ಅದ. ಇವತ್ತೊಂದ ಸಂಜಿ ನೋಡ್ತೀನಿ. ಮತ್ತ ಬಂದ್ ಬಿತ್ತಂದ್ರ, ನಾಳೆಯಿಂದ ಫೋನ್ ಇಲ್ಲೇ ಕೌಂಟರಿಗೆ ತಿರುಗಸ್ತೀನಿ. ತಪ್ಪ ತಿಳ್ಕೋಬ್ಯಾಡ್ರಿ."

"ಇಲ್ರಿ. ಖರೇನ ಅದರಿ" ಎಂದ ರಾಘಣ್ಣ. ಫೋನು ಇಟ್ಟ ಮೇಲೆ ಎದ್ದು ನಿಂತು ಗೋಡೆ ಹಿಡಿದುಕೊಂಡ.

ಅಂದು ಸಂಜೆ ಸ್ನೇಹಲ್ ಎಂದಿನಂತೆ ಔಷಧದಂಗಡಿಯಲ್ಲಿದ್ದಳು. ಗೌರಾಬಾಯಿ ಅಡಿಗೆಮನೆಯಲ್ಲಿದ್ದಳು. ರಾಘಣ್ಣ ಹೆಡ್‌ಫೋನ್ ಏರಿಸುವ ಮುಂಚೆ ಎರಡೂ ಅಂಗೈ ಪಂಚೆಗೆ ಒರೆಸಿಕೊಂಡ. ಬಲಗೈಯೊಂದನ್ನೇ ಕೀಲಿಮಣೆಯ ಮೇಲೆ ಇಡಬೇಕು ಎಂದು ನಿರ್ಧರಿಸಿದ. ಕೆಲಸ ನಿಧಾನವಾದರೂ ಚಿಂತೆಯಿಲ್ಲ, ಒಂದು ಕೈಯನ್ನಾದರೂ ಕಾಯಬಹುದು. ಎಡಗೈಯನ್ನು ಚಾಚಿ ಪೆಟ್ಟಿಗೆಯ ನೆತ್ತಿಯ ಮೇಲೆ, ಗುಂಡಿಗಳಿರುವ ಮುಂಭಾಗದಲ್ಲಿ ಇಟ್ಟ. ಜ್ವರ ಬಂದ ಮಗುವಿನ ಹಣೆಯ ಮೇಲೆ ಕೈ ಇಡುವ ಹಾಗೆ. ಬಿಸಿ ಏರಿದರೆ ತಿಳಿಯಲಿ, ನಡುಕ ಬಂದರೆ ತಿಳಿಯಲಿ, ಸಾಯುವುದಾದರೆ ತನ್ನ ಕೈಕೆಳಗೇ ಸಾಯಲಿ.

ಫೋನುಗಳು ಬಂದವು. ಬಾಗಲಕೋಟೆಗೆ ಒಂದು, ವಿಜಯಪುರಕ್ಕೆ ಮೂರು, ಸೋಲಾಪುರಕ್ಕೆ ಮುದುಕರೊಬ್ಬರಿಗೆ ಕಿಟಕಿ ಬದಿಯದು. ಯಂತ್ರ ಬೆಚ್ಚಗಿತ್ತು, ಸಣ್ಣಗೆ ಗುಂಯ್‌ಗುಡುತ್ತಿತ್ತು. ಪ್ರತಿ ಟಿಕೀಟು ಮುಗಿದಾಗಲೂ ರಾಘಣ್ಣ ಉಸಿರು ಬಿಡುವನು, ಮರುಗಳಿಗೆ ಮತ್ತೆ ಬಿಗಿಹಿಡಿಯುವನು. ಸಿಂದಗಿಯ ವ್ಯಾಪಾರಿಯೊಬ್ಬ ತನ್ನ ಇಡೀ ಸಂಸಾರಕ್ಕೆ ಸೀಟು ಕೇಳುತ್ತಿದ್ದ. ಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಬಲಗಿವಿಯ ದನಿ ಸೀಟುಗಳನ್ನು ಓದುತ್ತಿತ್ತು.

ಆಗ ಅವನ ಎಡಗೈಯ ಮೇಲೆ ಏನೋ ಬಂದು ಕೂತಿತು.

ತಣ್ಣಗಿತ್ತು, ಒದ್ದೆಯಾಗಿತ್ತು. ಅವನ ಬೆರಳುಗಳನ್ನು ತಡವುತ್ತಾ, ಸಂದಿನಲ್ಲಿ ದಾರಿ ಹುಡುಕುತ್ತಾ ಕೆಳಗಿಳಿಯುತ್ತಿತ್ತು. ರಾಘಣ್ಣ "ಅಯ್ಯಯ್ಯೋ!" ಎಂದು ಕಿರುಚಿಬಿಟ್ಟ. ಕಿರುಚಿದರೂ ಬಿಡಲಿಲ್ಲ, ಕೈ ತಿರುಗಿಸಿ ಅದನ್ನು ಗಪ್ಪನೆ ಹಿಡಿದ. ಹಿಡಿದ ಮೇಲೆ ಬಳೆ ಸಿಕ್ಕಿತು.

"ಹಲೋ? ಏನಾತ್ರಿ? ಯಾಕ ಒದರಿದ್ರಿ?" ಎಂದು ಎಡಗಿವಿಯಲ್ಲಿ ಸಿಂದಗಿಯ ವ್ಯಾಪಾರಿ ಗಾಬರಿಯಾದ.

ಬಲಗಿವಿಯ ದನಿ ಇನ್ನೂ ಓದುತ್ತಲೇ ಇತ್ತು. ಅದು ಸತ್ತಿರಲಿಲ್ಲ. "ಏನಿಲ್ರಿ, ಏನಿಲ್ಲ" ಎಂದ ರಾಘಣ್ಣ. "ಹೇಳ್ರಿ, ಕಡೀ ಹುಡುಗನ ಹೆಸರೇನು?" ಒಂದು ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಆ ಸಂಸಾರಕ್ಕೆಲ್ಲ ಟಿಕೀಟು ಮಾಡಿ ಮುಗಿಸಿದ. ಆಮೇಲೆ ಹೆಡ್‌ಫೋನ್ ಕೊರಳಿಗೆ ಇಳಿಸಿದ.

"ಅವ್ವಾ. ಏನ್ ಮಾಡಾಕ ಹತ್ತಿದ್ದಿ?"

"ಏನಿಲ್ಲೋ. ಬಿಡು, ಒಲಿ ಮ್ಯಾಲ ಸಾರು ಅದ."

"ಈ ಗುಂಡಿ ಒತ್ತಾಕ ಬಂದಿದ್ದಿ. ದಿನಾ ನೀನ ಒತ್ತೀ ಏನು?"

ಗೌರಾಬಾಯಿ ಮೊದಲು ಒಪ್ಪಲಿಲ್ಲ. ಕೈ ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡದಿದ್ದಾಗ ಒಮ್ಮೆಲೇ ಅವಳ ದನಿ ಏರಿತು. "ಹೌದು, ಒತ್ತೀನಿ! ಒತ್ತಲಾರದ ಏನ್ ಮಾಡ್ಲಿ? ಒಳಗ ಕೆಂಪಗ ಉರಿಯಾಕ ಹತ್ತಿರ್ತದ, ನೀ ಬಾಜೂಕ ಕೂತು ಟಿಕೀಟ್ ಟಿಕೀಟ್ ಅಂತಿರ್ತಿ. ನಿನಗೇನು ಕಾಣತದೇನು? ಹೆತ್ತವಳು ನೋಡ್ಕೋತ ನಿಂದರ್ಲೇನು?"

"ಏನು ಕೆಂಪಗ ಉರೀತದ?"

"ಬೆಂಕಿ! ನೀನ ಅಂದಿದ್ಯಲ್ಲ, ಒಳಗ ಬೆಂಕಿ ಹತ್ತಿದ್ರೂ ಕಾಣಂಗಿಲ್ಲ ಅಂತ. ಅವತ್ತಿನಿಂದ ನಾ ಕಾಯಾಕ ಹತ್ತೀನಿ. ಹಗಲಿ ಬೆಳಕಿನ್ಯಾಗ ಏನೂ ಕಾಣಂಗಿಲ್ಲ, ಸಂಜಿ ಕತ್ತಲಾದ ಮ್ಯಾಲ ಒಮ್ಮೊಮ್ಮೆ ನೀಲಿ ಇರ್ತದ, ಒಮ್ಮೊಮ್ಮೆ ಹಸರ. ಕೆಂಪಾತಂದ್ರ ಬಂದು ಒತ್ತಿ ಹೋಗ್ತೀನಿ. ಆರಿ ಹೋಗ್ತದ. ಆ ಮಿಥುನ ಅದನ್ನ ಜೋಡಸೋ ಮುಂದ ಅಂದಿದ್ದ, ಅಜ್ಜೀ, ಏನರ ಹೆಚ್ಚುಕಡಿಮಿ ಆದ್ರ ಈ ಸಣ್ಣ ಗುಂಡಿ ಒತ್ತಿದ್ರ ಸರಿ ಹೋಗ್ತದ ಅಂತ."

ರಾಘಣ್ಣ ಕೂತಲ್ಲೇ ಕೂತ. ಅವನಿಗೆ ನಿಧಾನವಾಗಿ ತಿಳಿಯಿತು. ಈಗಿನ ಪೆಟ್ಟಿಗೆಗಳಿಗೆ ಗಾಜಿನ ಬದಿ ಇರುತ್ತದೆ, ಒಳಗಿನ ಫ್ಯಾನುಗಳಿಗೆ ಬಣ್ಣದ ದೀಪಗಳಿರುತ್ತವೆ, ಹುಡುಗರಿಗೆ ಅದೊಂದು ಶೋಕಿ ಎಂದು ಎಲ್ಲೋ ಕೇಳಿದ್ದ. ಬದಿಯ ನುಣುಪು ಗಾಜು ಅವನ ಬೆರಳಿಗೂ ಸಿಕ್ಕಿತ್ತು, ಅದರ ಹಿಂದೆ ಹಾಗೆ ಬೆಳಗುತ್ತದೆ ಎಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಮಿಥುನನಿಗೆ ಅದು ಹೇಳಬೇಕಾದ ಮಾತು ಎನಿಸಿರಲಿಲ್ಲ. ಸ್ನೇ‌ಹಲ್‌ಗೆ ಕಾಣದವನಿಗೆ ಹೇಳಿ ಉಪಯೋಗವೇನು ಎನಿಸಿರಬೇಕು. ತಾನು ಒಂದೊಂದು ಮೊಳೆಯನ್ನೂ ಬೆರಳಿನಲ್ಲಿ ಬಲ್ಲೆ ಎಂದು ಬೀಗಿದ್ದ ಯಂತ್ರ, ಇಷ್ಟು ದಿನ ತನ್ನ ಪಕ್ಕದಲ್ಲೇ ಬಣ್ಣ ಬದಲಿಸುತ್ತಾ ಕೂತಿತ್ತು. ಮೊದಲ ಸಲ ಅದು ನಿಂತದ್ದು ರ್ಯಾಮ್ ಸಡಿಲಾಗಿ, ಆಮೇಲೆಲ್ಲ ಕೆಂಪು ಬಂದಾಗ ತಾಯಿ ಹೆದರಿ ಗುಂಡಿ ಒತ್ತಿದಳು. ಗುಂಡಿ ಒತ್ತಿದ್ದಕ್ಕೆ ಯಂತ್ರ ಸತ್ತಿತು. ಯಂತ್ರ ಸತ್ತಿದ್ದಕ್ಕೆ ಮಗ ಹೆದರಿ ಕೂಗಾಡಿದ. ಮಗ ಕೂಗಾಡಿದ್ದಕ್ಕೆ, ಬೆಂಕಿ ಖರೆಯೇ ಇದೆ ಎಂದು ತಾಯಿ ಇನ್ನಷ್ಟು ಕಾವಲು ಕಾದಳು. ಮೇಲಿನ ಮನೆಯಲ್ಲಿ ಗೌರಾಬಾಯಿ ಇರಲಿಲ್ಲ, ಅಲ್ಲಿ ಯಂತ್ರ ಎಳ್ಳಷ್ಟೂ ತೊಂದರೆ ಕೊಡಲಿಲ್ಲ.

"ನನಗ ಯಾಕ ಹೇಳಲಿಲ್ಲ ಅವ್ವಾ? ಹೆಡ್‌ಫೋನ್ ಹಾಕ್ಕೊಂಡಿರ್ತೀನಿ, ಸಪ್ಪಳ ಇಲ್ಲದ ಬಂದು ಸಪ್ಪಳ ಇಲ್ಲದ ಹೋಗೀದಿ. ಒಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀ ಅಂಜಿ ಕೆಲಸ ಬಿಡ್ತಿದ್ದಿ. ಕೆಲಸ ಬಿಟ್ರ ಮತ್ತ ಆ ಗ್ಯಾಲರಿ. ಅದನ್ನ ಇನ್ನೊಮ್ಮೆ ನನ್ನ ಕಡಿಂದ ನೋಡೂದು ಆಗಂಗಿಲ್ಲಪ್ಪ."

ಅವನಿಗೆ ಸಿಟ್ಟು ಬಂತು, ನಗು ಬಂತು, ಅಳು ಬಂತು. ಭಯ ಮಾತ್ರ ಇಳಿದಿತ್ತು. ಬೆರಳುಗಳು ತನ್ನವೇ, ಬುದ್ಧಿ ನೆಟ್ಟಗಿದೆ, ಕೆಲಸ ಉಳಿಯಿತು. ಅವನು ಮೆತ್ತಗಾಗಿ ಹೇಳಿದ: "ಅವ್ವಾ, ಅದು ಬೆಂಕಿ ಅಲ್ಲ. ಶೋಕಿಗೆ ಹಾಕಿದ ದೀಪ. ಇಷ್ಟು ಹತ್ತರ ಬಂದು ನಿಂತಿ, ಗಾಜಿನ ಹಿಂದ ಸಣ್ಣ ಸಣ್ಣ ದೀಪ ಅದಾವ ಅಂತ ಕಾಣಲಿಲ್ಲೇನು ನಿನಗ?"

ಗೌರಾಬಾಯಿ ಉತ್ತರ ಕೊಡಲಿಲ್ಲ.

ಕಣ್ಣಿಲ್ಲದವನಿಗೆ ಸುಮ್ಮನಿರುವುದರಲ್ಲಿ ಬಗೆಬಗೆ ಕೇಳಿಸುತ್ತವೆ. ಇದು ತಪ್ಪು ಮಾಡಿದವರ ಮೌನವಲ್ಲ, ಬಚ್ಚಿಟ್ಟವರದು. ತನ್ನ ಬೆರಳುಗಳನ್ನು ತಡವುತ್ತಾ ಸಂದಿನಲ್ಲಿ ದಾರಿ ಹುಡುಕಿದ ಆ ಒದ್ದೆ ಕೈ ಅವನಿಗೆ ಈಗ ಬೇರೆಯಾಗಿ ಕಂಡಿತು. ನೋಡಬಲ್ಲವರು ಗುಂಡಿಯನ್ನು ಹಾಗೆ ಹುಡುಕುವುದಿಲ್ಲ. ಅದರ ಮೇಲೆ ಇನ್ನೊಬ್ಬರ ಕೈ ಇದ್ದರೆ ಅದನ್ನು ಕಾಣುತ್ತಾರೆ.

"ಅವ್ವಾ" ಎಂದ. ಇಳಿದಿದ್ದ ಭಯ ಮತ್ತೆ ಬೆನ್ನುಹುರಿಯ ಬುಡದಿಂದ ಏರತೊಡಗಿತ್ತು. "ಕಾಣಲಿಲ್ಲೇನು?"

"ಕೆಂಪು ಕಾಣತದ" ಎಂದಳು ಗೌರಾಬಾಯಿ. "ಬೆಂಕಿನೋ ದೀಪನೋ ಅದು ಗೊತ್ತಾಗಂಗಿಲ್ಲ. ಭಾಳ ದಿವಸ ಆತು. ಮೊದಲ ಮಂಜ ಮಂಜ ಇತ್ತು."

"ಡಾಕ್ಟರಗ ತೋರಸಬೇಕಿತ್ತಲ್ಲ! ಪೊರಿ ಬಂದಿದ್ರ ಒಂದ ದಿನದಾಗ ತಗೀತಾರ. ಸ್ನೇಹಲ್‌ಗರ ಹೇಳಬೇಕಿತ್ತಲ್ಲ?"

"ಪೊರಿನೋ, ನಿನಗ ಆದದ್ದೋ ಯಾರಿಗೆ ಗೊತ್ತು?" ಅವಳ ದನಿ ಸಣ್ಣದಾಯಿತು. "ಹೇಳಿದ್ರ ನೀವು ನನ್ನ ಒಲಿ ಮುಂದಿಂದ ಎಬ್ಬಸ್ತೀರಿ. ಮೂಲ್ಯಾಗ ಕುಂಡ್ರಸ್ತೀರಿ. ನಿನ್ನ ನೋಡೀನಲ್ಲೋ ರಾಘೂ."

ರಾಘಣ್ಣ ಹೇಳಲು ಬಾಯಿ ತೆರೆದ. ಹಾಗೆಲ್ಲ ಮಾಡುವುದಿಲ್ಲ ಎನ್ನಬೇಕೆಂದುಕೊಂಡ. ಆದರೆ ತನ್ನನ್ನೂ ಯಾರೂ ಬೇಕೆಂದು ಕೂರಿಸಿರಲಿಲ್ಲ. ಕೆಟ್ಟವರಲ್ಲದ, ಪ್ರೀತಿಯ ಜನರೇ, ಬೀಳಬಾರದು, ಸುಟ್ಟುಕೊಳ್ಳಬಾರದು ಎಂದು ಕೈಹಿಡಿದು ಕರೆದೊಯ್ದು ಕೂರಿಸಿದ್ದರು. ಕೂರಿಸಿದವರಲ್ಲಿ ಈ ತಾಯಿಯೂ ಒಬ್ಬಳು. ನಾಳೆ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸುವ ಮೊದಲ ಮಾತು ತನ್ನ ಬಾಯಿಂದಲೇ ಬರಬಹುದು ಎಂದು ಹೊಳೆದು ಅವನು ಹೆದರಿದ. ಯಂತ್ರ ನಿಂತಾಗಲೂ ಅಷ್ಟು ಹೆದರಿರಲಿಲ್ಲ.

ಅಡಿಗೆಮನೆಯಿಂದ ಸಾರು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಗೌರಾಬಾಯಿ ಹೊರಡಲು ನೋಡಿದಳು. ರಾಘಣ್ಣನಿಗೆ "ನೀ ಕೂಡು, ಹೋಗಬ್ಯಾಡ, ಸುಟ್ಕೋತಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡ. ಅವಳ ಮಣಿಕಟ್ಟು ಬಿಟ್ಟ.

ಅವಳು ಹೋದಳು. ಗೋಡೆ ತಡವುತ್ತಾ ಹೋಗುವ ಸಪ್ಪಳ ಕೇಳಿಸಿತು. ಇಷ್ಟು ದಿನವೂ ಇದ್ದ ಸಪ್ಪಳವೇ ಇರಬೇಕು, ಹೆಡ್‌ಫೋನಿನ ಒಳಗೆ ಅವನಿಗೆ ಕೇಳಿಸಿರಲಿಲ್ಲ. ಗ್ಯಾಸಿನ ಗುಂಡಿ ತಿರುಗಿತು. ಪಾತ್ರೆ ಇಳಿಯಿತು. ಅವನು ಉಸಿರು ಬಿಗಿಹಿಡಿದು, ಪಾತ್ರೆ ಕಟ್ಟೆಯ ಮೇಲೆ ಕೂತ ಸದ್ದು ಬರುವವರೆಗೂ ಕಾದ.

ಕೊರಳಲ್ಲಿದ್ದ ಹೆಡ್‌ಫೋನಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ರಾಘಣ್ಣ ಅದನ್ನು ತಲೆಗೇರಿಸಿದ. ಎಡಗಿವಿಯನ್ನು ಪ್ರಯಾಣಿಕನಿಗೆ ಕೊಟ್ಟ. ಹೆಡ್‌ಫೋನಿನ ಬಲಬದಿಯನ್ನು ಹಿಂದಕ್ಕೆ ಸರಿಸಿ, ಯಂತ್ರದ ದನಿಯನ್ನು ಅರ್ಧಂಬರ್ಧ ಕೇಳುತ್ತಾ, ಆ ಕಿವಿಯನ್ನು ಅಡಿಗೆಮನೆಯ ಕಡೆಗೆ ಇಟ್ಟುಕೊಂಡ.

"ಹೇಳ್ರಿ" ಎಂದ, "ಎಲ್ಲಿಗೆ ಹೋಗೂದದ?"